ಒತ್ತು ಎಲ್ಲಿ ಹೋಯ್ತು?

ನವೆಂಬರ್ ಬಂತು ಅಂದ್ರೆ ನಮ್ಮ ಕನ್ನಡ ಸಂಘದಲ್ಲಿ ಎರಡೇ ಬಣ್ಣ ಉಳಿಯೋದು. ಶಾಲು ಹಳದಿ-ಕೆಂಪು, ಬಾವುಟ ಹಳದಿ-ಕೆಂಪು, ಪೋಸ್ಟರ್ ಹಳದಿ-ಕೆಂಪು. ಇಂಟರ್ನಲ್ಸ್ ಬ್ಲೂ ಬುಕ್ ಮಾತ್ರ ಒಳಗೆ ಪೂರ್ತಿ ಕೆಂಪು, ಆ ಮಾತು ಬೇರೆ ಬಿಡಿ.

ಈ ಸಲದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ಪೋಸ್ಟರ್ ಟೀಮಿನ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮಗೆ ಬರೆಯೋಕೆ ಇರೋದು ಒಂದೇ ಕಥೆ. ಅದನ್ನು ಹೇಳಿಕೊಂಡರೆ ಮಾನ ಹೋಗುತ್ತದೆ, ಹೇಳದಿದ್ದರೆ ಮುಂದಿನ ವರ್ಷ ಜೂನಿಯರ್‌ಗಳು ಅದೇ ಹಳ್ಳಕ್ಕೆ ಬೀಳುತ್ತಾರೆ. ಮಾನ ಹೋದರೆ ಹೋಗಲಿ ಅಂತ ಬರೆಯುತ್ತಿದ್ದೇವೆ.

ಕಳೆದ ನವೆಂಬರ್‌ನ ವಿಷಯ. ರಾಜ್ಯೋತ್ಸವದ ವೇದಿಕೆಯಲ್ಲಿ ಪ್ರತಿವರ್ಷ ಹೊರಗಿನ ಯಾರನ್ನಾದರೂ ಕರೆದು ಸನ್ಮಾನ ಮಾಡುತ್ತಿದ್ದೆವು. ಆ ಸಲ ನಮ್ಮ ಕಾಲೇಜಿನವರಿಗೇ ಮಾಡೋಣ ಅಂತ ಸಂಘದಲ್ಲಿ ತೀರ್ಮಾನವಾಯಿತು. ಡ್ರಾಯಿಂಗ್ ಹಾಲಿನ ಅಟೆಂಡರ್ ಅಣ್ಣ ಆ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಈ ಕಾಲೇಜಿನಲ್ಲಿ ಇಂಜಿನಿಯರಿಂಗ್ ಗ್ರಾಫಿಕ್ಸ್ ಪಾಸಾದವರೆಲ್ಲ ಅವರನ್ನು ಬಲ್ಲರು. ಮಿನಿ ಡ್ರಾಫ್ಟರ್ ಮರೆತು ಬಂದವರಿಗೆ ಬೀರುವಿನಿಂದ ಹಳೆಯದೊಂದು ತೆಗೆದುಕೊಡೋರು. ಶೀಟ್ ಮಳೆಯಲ್ಲಿ ನೆಂದರೆ ಫ್ಯಾನ್ ಕೆಳಗೆ ಹಾಸಿ ಒಣಗಿಸಿಕೊಡೋರು. ಪ್ರತಿವರ್ಷ ಕ್ಲಾಸ್ ಶುರುವಾಗೋ ಮುಂಚೆ ಎಲ್ಲ ಡ್ರಾಯಿಂಗ್ ಬೋರ್ಡುಗಳ ಮೂಲೆಯಲ್ಲಿ ಕೆಂಪು ಪೇಂಟಿನಿಂದ ನಂಬರ್ ಬರೆಯೋದೂ ಅವರೇ. ಅವರ ಹೆಸರನ್ನು ಇಲ್ಲಿ ಬರೆಯೋಲ್ಲ, ಅವರಿಗೆ ಅದು ಇಷ್ಟವಿಲ್ಲ. ಹೆಸರಿನ ಕೊನೆಗೆ ಒಂದು ‘ಅಪ್ಪ’ ಇದೆ ಅಂತ ಗೊತ್ತಿದ್ದರೆ ಸಾಕು.

ಬ್ಯಾನರ್ ನಮ್ಮ ತಲೆಗೆ ಬಂತು. ಎಂಟಡಿ ಉದ್ದ, ನಾಲ್ಕಡಿ ಎತ್ತರ, ಬಟ್ಟೆಯದು. ಫ್ಲೆಕ್ಸ್‌ಗೆ ನಮ್ಮ ಕಾಲೇಜಿನಲ್ಲಿ ಅನುಮತಿ ಇಲ್ಲ. ಮೇಲರ್ಧ ಹಳದಿ, ಕೆಳಗರ್ಧ ಕೆಂಪು, ಥೇಟ್ ನಮ್ಮ ಬಾವುಟದ ಹಾಗೆ. ಹಳದಿ ಭಾಗದಲ್ಲಿ ದೊಡ್ಡದಾಗಿ ‘ಕನ್ನಡ ರಾಜ್ಯೋತ್ಸವ’, ಅದರ ಕೆಳಗೆ ‘ಶ್ರೀ’ ಹಾಕಿ ಅಣ್ಣನ ಹೆಸರು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಮಿಕ್ಕ ಕ್ಲಬ್‌ಗಳ ಪೋಸ್ಟರ್ ನೋಡಿ ನೋಡಿ ನಮಗೊಂದು ಆಸೆ ಹುಟ್ಟಿತ್ತು. ಅವರ ಇಂಗ್ಲಿಷ್ ಅಕ್ಷರಗಳು ನೇರಳೆಯಿಂದ ಗುಲಾಬಿಗೆ, ನೀಲಿಯಿಂದ ಹಸಿರಿಗೆ ಮೆಲ್ಲಗೆ ಜಾರಿಕೊಂಡು ಹೋಗುತ್ತವೆ. ನಮ್ಮ ಕನ್ನಡ ಮಾತ್ರ ಯಾಕೆ ಒಂದೇ ಬಣ್ಣದಲ್ಲಿ ನಿಲ್ಲಬೇಕು? ಅಕ್ಷರಕ್ಕೆ ಗ್ರೇಡಿಯಂಟ್ ಹಾಕೋಣ, ತಲೆಯಲ್ಲಿ ಕೆಂಪು, ಕಾಲಲ್ಲಿ ಹಳದಿ. ಮೀಟಿಂಗ್‌ನಲ್ಲಿ ಎಲ್ಲರೂ ‘ಸೂಪರ್’ ಅಂದರು.

ಗ್ರೇಡಿಯಂಟ್ ಅಂದರೆ ಇಂಜಿನಿಯರಿಂಗ್‌ನವರಿಗೆ ಹೆದರುವಂಥದ್ದೇನಲ್ಲ. ಎರಡು ತುದಿಯ ಬಣ್ಣ ನಾವು ಕೊಡುತ್ತೇವೆ, ನಡುವಿನದನ್ನು ಸಾಫ್ಟ್‌ವೇರ್ ಲೆಕ್ಕ ಹಾಕಿಕೊಳ್ಳುತ್ತದೆ. ಲೀನಿಯರ್ ಇಂಟರ್‌ಪೊಲೇಶನ್, ಅಷ್ಟೇ. ಕಂಪ್ಯೂಟರ್‌ಗೆ ಕೆಂಪು ಅಂದರೆ (255, 0, 0), ಹಳದಿ ಅಂದರೆ (255, 255, 0). ನೋಡಿ, ಮೊದಲನೇ ಸಂಖ್ಯೆ ಬದಲಾಗೋದೇ ಇಲ್ಲ, ಮೂರನೆಯದೂ ಇಲ್ಲ. ನಡುವಿನ ಹಸಿರು ಮಾತ್ರ 0ಯಿಂದ 255ಕ್ಕೆ ಮೆಟ್ಟಿಲು ಹತ್ತುತ್ತದೆ. ಅರ್ಧ ದಾರಿಯಲ್ಲಿ (255, 128, 0), ಅಂದರೆ ಕಿತ್ತಳೆ. ನಮ್ಮ ಬಾವುಟದಲ್ಲಿ ಎಲ್ಲೂ ಇಲ್ಲದ ಬಣ್ಣ ಅದು! ಮ. ರಾಮಮೂರ್ತಿಯವರು 1960ರ ದಶಕದಲ್ಲಿ ರೂಪಿಸಿದ ಬಾವುಟದಲ್ಲಿ ಅರಿಶಿನ ಅರಿಶಿನವೇ, ಕುಂಕುಮ ಕುಂಕುಮವೇ, ನಡುವೆ ಒಂದು ನೇರ ಗೆರೆ. ಬ್ಯಾನರ್ ಮಾಡುವಾಗ ಇದು ನಮಗೆ ಹೊಳೆಯಲಿಲ್ಲ.

ಫೋಟೋಶಾಪ್‌ಗೆ ದುಡ್ಡಿಲ್ಲದ ಕಾರಣ ನಾವು ಗಿಂಪ್ ಬಳಸುತ್ತೇವೆ. ಅದು ಪುಕ್ಕಟೆ, ಮತ್ತೆ ಕನ್ನಡದ ಒತ್ತಕ್ಷರವನ್ನು ಸರಿಯಾಗಿ ಜೋಡಿಸುತ್ತದೆ. ಫೋಟೋಶಾಪ್‌ನಲ್ಲೂ ಬರುತ್ತದೆ, ಆದರೆ ಅದರ ಹಳೆಯ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಭಾರತೀಯ ಲಿಪಿಗಳಿಗೆ ಬೇಕಾದ ಟೆಕ್ಸ್ಟ್ ಎಂಜಿನ್ ಆರಿಸಿಕೊಂಡಿರಬೇಕಿತ್ತು. ಇಲ್ಲದಿದ್ದರೆ ‘ಪ್ಪ’ ಹೋಗಿ ಒಂದು ಅರ್ಧ ಪ, ಪಕ್ಕದಲ್ಲಿ ಒಂದು ಇಡೀ ಪ ಬಂದು ಕೂರುತ್ತಿದ್ದವು. ಯಾಕಂದ್ರೆ ಯೂನಿಕೋಡ್‌ನಲ್ಲಿ ಒತ್ತಿಗೆ ಅಂತ ಬೇರೆ ಸಂಕೇತ ಇಲ್ಲ. ‘ಪ್ಪ’ ಅಂದರೆ ಪ, ಹಲಂತ, ಪ ಅಂತ ಮೂರು ಸಂಕೇತ. ಎರಡನೇ ಪ-ವನ್ನು ಕೆಳಗೆ ಇಳಿಸಿ ಕೂರಿಸೋ ಕೆಲಸ ಫಾಂಟು ಮತ್ತು ಎಂಜಿನ್ನಿನದು.

ಗಿಂಪ್‌ನಲ್ಲಿ ನಾವು ಮಾಡಿದ ಕ್ರಮ ಹೀಗೆ. ಹೆಸರು ಟೈಪ್ ಮಾಡಿ ಅಕ್ಷರದ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಆಲ್ಫಾ ಟು ಸೆಲೆಕ್ಷನ್’ ಕೊಟ್ಟರೆ ಅಕ್ಷರದ ಅಂಚಿನುದ್ದಕ್ಕೂ ಕಪ್ಪು-ಬಿಳಿ ಗೆರೆಯೊಂದು ಇರುವೆ ಸಾಲಿನ ಹಾಗೆ ಹರಿದಾಡುತ್ತದೆ. ಆಮೇಲೆ ಅದರ ಮೇಲೆ ಹೊಸ ಖಾಲಿ ಲೇಯರ್. ಅಕ್ಷರದ ಲೇಯರಿಗೇ ನೇರ ಬಣ್ಣ ಬಳಿದರೆ ಆಮೇಲೆ ಅಕ್ಷರದ ತಪ್ಪು ತಿದ್ದುವಾಗ ಬಳಿದ ಬಣ್ಣ ಹೋಗಿಬಿಡುತ್ತದೆ. ಹೊಸ ಲೇಯರಿನಲ್ಲಿ ಗ್ರೇಡಿಯಂಟ್ ಟೂಲ್ ಹಿಡಿದು ಮೇಲಿಂದ ಕೆಳಗೆ ಒಂದು ಗೆರೆ ಎಳೆಯೋದು. ಕಂಟ್ರೋಲ್ ಹಿಡಿದು ಎಳೆದರೆ ಗೆರೆ ನೆಟ್ಟಗೆ ಬರುತ್ತದೆ. ಎಳೆದೆವು. ತಲೆಕಟ್ಟು ಕೆಂಪಾಯಿತು, ನಡು ಕಿತ್ತಳೆಯಾಯಿತು, ಬುಡ ಬಂಗಾರದ ಹಾಗೆ ಹೊಳೆಯಿತು. ರಾತ್ರಿ ಒಂದೂವರೆ ಗಂಟೆ. ಹಾಸ್ಟೆಲ್ ರೂಮಲ್ಲಿ ಚಪ್ಪಾಳೆ.

ದೊಡ್ಡ ಶೀರ್ಷಿಕೆಗೆ ಅಂಚಿನುದ್ದಕ್ಕೂ ದಪ್ಪ ಬಿಳಿ ಗೆರೆ ಕೊಟ್ಟೆವು. ಹೆಸರಿನ ಅಕ್ಷರ ಸಣ್ಣದು, ಬಿಳಿ ಗೆರೆ ಕೊಟ್ಟರೆ ದಪ್ಪದಪ್ಪ ಕಾಣುತ್ತೆ ಅಂತ ಬಿಟ್ಟೆವು. ಪಿಎನ್‌ಜಿ ಮಾಡಿ ಪೆನ್‌ಡ್ರೈವಿಗೆ ಹಾಕಿದೆವು. ಬೆಳಗ್ಗೆ ಪ್ರಿಂಟ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಕೋರಲ್ ಡ್ರಾದಲ್ಲಿ ತೆರೆದು ನೋಡಿದ.

“ಅಕ್ಷರ ನುಡಿಯಲ್ಲಿ ಟೈಪ್ ಮಾಡಿ ತಂದಿದ್ರೆ ಏನಾದ್ರೂ ಬದಲಾಯಿಸಬಹುದಿತ್ತು. ಪಿಎನ್‌ಜಿ ಕೊಟ್ರೆ ನಾನೇನ್ ಮಾಡ್ಲಿ, ಹೊಡೆದುಕೊಡ್ತೀನಿ ಅಷ್ಟೆ. ಎಲ್ಲ ಸರಿ ಇದೆ ತಾನೇ?”

“ಎಲ್ಲ ಸರಿ ಇದೆ ಗುರೂ, ಹೊಡಿ,” ಅಂದೆವು.

ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಬ್ಯಾನರ್ ವೇದಿಕೆಯ ಹಿಂದೆ ಕಟ್ಟಿದೆವು. ಹತ್ತೂವರೆಗೆ ಕಾರ್ಯಕ್ರಮ. ನಾವು ಹಿಂದೆ ಹಿಂದೆ ನಡೆದು ನೋಡಿದೆವು, ಚೆನ್ನಾಗಿತ್ತು. ಪ್ರಿನ್ಸಿಪಾಲರು ಬಂದು ನೋಡಿದರು, ‘ಗುಡ್’ ಅಂದರು. ಎಚ್‌ಓಡಿ ನೋಡಿದರು. ಸಂಘದ ಅಧ್ಯಕ್ಷ ಸೆಲ್ಫಿ ತೆಗೆದುಕೊಂಡ.

ಕುರ್ಚಿ ಜೋಡಿಸುತ್ತಿದ್ದ ಮೊದಲ ವರ್ಷದ ಹುಡುಗನೊಬ್ಬ ಹಿಂದಿನ ಸಾಲಿನಲ್ಲಿ ನಿಂತು ಬ್ಯಾನರ್ ಓದುತ್ತಿದ್ದ. ಒಡಿಶಾದವನು. ‘ಬಳಕೆ ಕನ್ನಡ’ ಕ್ಲಾಸಿನಲ್ಲಿ ಕಲಿಯುತ್ತಿದ್ದ, ಜೊತೆಗೆ ಸಂಜೆ ನಮ್ಮ ಸಂಘದ ತರಗತಿಗೂ ಬರುತ್ತಿದ್ದ. ತುಟಿ ಅಲ್ಲಾಡಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದುವ ಹಂತ. ನಮ್ಮ ಸಿವಿಲ್ ಹುಡುಗಿಯ ಹತ್ತಿರ ಬಂದು ಸಂಕೋಚದಿಂದ ಕೇಳಿದ.

“ಅಕ್ಕಾ, ಇದು ‘ಶೀ’ ಅಂತಾನಾ? ಮೇಡಂ ‘ಶ್ರೀ’ ಅಂತ ಹೇಳಿದ್ರು.”

“ಶ್ರೀನೇ ಕಣೋ. ಸರಿಯಾಗಿ ನೋಡು.”

“ಕೆಳಗೆ ಏನೂ ಇಲ್ಲ ಅಕ್ಕಾ. ಲಾಸ್ಟಲ್ಲೂ ಇಲ್ಲ. ‘ಪ’ ಮಾತ್ರ ಇದೆ. ನಮ್ಮ ಒಡಿಯಾದಲ್ಲೂ ಅಕ್ಷರ ಕೆಳಗೆ ಕೂರುತ್ತೆ, ಅದಕ್ಕೆ ನಾನು ಕೆಳಗೆ ನೋಡ್ತೀನಿ.”

ಅವನು ನಿಂತಿದ್ದ ಜಾಗಕ್ಕೆ ಹೋಗಿ ನೋಡಿದೆವು. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಶ್ರೀಯ ರ-ಒತ್ತು ಇಲ್ಲ. ಹೆಸರಿನ ಕೊನೆಯ ಪ-ಒತ್ತೂ ಇಲ್ಲ. ಎರಡೂ ಹಳದಿಯಲ್ಲಿ ಹಳದಿಯಾಗಿ ಕರಗಿಹೋಗಿದ್ದವು. ‘ಶೀ’ ಅಂತ ಶುರುವಾಗಿ ‘ಪ’ ಅಂತ ಮುಗಿಯುತ್ತಿತ್ತು, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ಕಟ್ಟಡದಲ್ಲಿ ಕೆಲಸ ಮಾಡಿದವರ ಹೆಸರು. ಶೀರ್ಷಿಕೆಗೆ ಬಿಳಿ ಗೆರೆ ಇಲ್ಲದಿದ್ದರೆ ಅದೂ ‘ಕನಡ ರಾಜೋತವ’ ಆಗುತ್ತಿತ್ತು.

ಇದು ಹೇಗಾಯಿತು ಅಂತ ಆಮೇಲೆ ಕೂತು ಲೆಕ್ಕ ಹಾಕಿದೆವು. ನೀವೂ ಹಾಕಿ ನೋಡಿ. ನಮ್ಮ ಬ್ಯಾನರಿನ ಹಿನ್ನೆಲೆ ಹಳದಿ ಸ್ವಲ್ಪ ಗಾಢ ಅರಿಶಿನ, (255, 204, 0). ಗ್ರೇಡಿಯಂಟ್‌ನಲ್ಲಿ ಹಸಿರು 0ಯಿಂದ 255ಕ್ಕೆ ಹೋಗುವಾಗ 204 ಎಲ್ಲಿ ಸಿಗುತ್ತದೆ? ಸರಿಯಾಗಿ 80 ಪರ್ಸೆಂಟ್ ಇಳಿದಾಗ. ಅಂದರೆ ಮೇಲಿಂದ ಐದರಲ್ಲಿ ನಾಲ್ಕು ಭಾಗ ಇಳಿದ ಜಾಗದಲ್ಲಿ ಅಕ್ಷರದ ಬಣ್ಣವೂ ಹಿನ್ನೆಲೆಯ ಬಣ್ಣವೂ ಒಂದೇ. ನಮ್ಮ ಹೆಸರಿನ ಸಾಲಿನಲ್ಲಿ ಒತ್ತುಗಳು ಕೂತಿದ್ದು ಕೆಳಗಿನ ಮೂರನೇ ಒಂದು ಭಾಗದಲ್ಲಿ. ಅಲ್ಲಿ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಕಾಂಟ್ರಾಸ್ಟ್ ಎಲ್ಲೂ 1.41ನ್ನು ದಾಟೋದಿಲ್ಲ. ವೆಬ್ ಪುಟಗಳಿಗೆ ಇರುವ ನಿಯಮದ ಪ್ರಕಾರ ದೊಡ್ಡ ಅಕ್ಷರಕ್ಕೂ ಕನಿಷ್ಠ 3 ಬೇಕು. ಮೇಲಿನ ಅಪ್ಪಟ ಕೆಂಪಿಗೇ ಸಿಕ್ಕಿದ್ದು 2.6ರ ಆಸುಪಾಸು. ಅಂದರೆ ನಮ್ಮ ಅಕ್ಷರ ತಲೆಯಲ್ಲೇ ಜಸ್ಟ್ ಫೇಲ್, ಕಾಲಲ್ಲಿ ಸೊನ್ನೆ.

ನಾವು ನೋಡಿ ಕಲಿತ ವೀಡಿಯೋಗಳಲ್ಲೆಲ್ಲ ಇಂಗ್ಲಿಷಿನ ದೊಡ್ಡಕ್ಷರಗಳು. ಅವೆಲ್ಲ ಒಂದೇ ಎತ್ತರ, ಒಂದೇ ನೆಲದ ಮೇಲೆ ನಿಲ್ಲುತ್ತವೆ. ಕಾಲು ಸ್ವಲ್ಪ ಮಸುಕಾದರೂ ಅಕ್ಷರ ಅದೇ. ನಮ್ಮದು ಮೂರು ಅಂತಸ್ತಿನ ಮನೆ. ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ನೆಲಮಾಳಿಗೆಯಲ್ಲಿ ದೀಪ ಆರಿಸಿದರೆ ‘ಅಣ್ಣ’ ‘ಅಣ’ ಆಗುತ್ತಾನೆ, ‘ಅಕ್ಕ’ ‘ಅಕ’ ಆಗುತ್ತಾಳೆ. ಇನ್ನೊಂದು ತೊಂದರೆಯೂ ಇದೆ. ‘ನಮ್ಮ’ ಅನ್ನೋದಕ್ಕೆ ಒತ್ತು ಇದೆ, ‘ನಾಡು’ ಅನ್ನೋದಕ್ಕೆ ಇಲ್ಲ. ಎರಡನ್ನೂ ಬೇರೆ ಬೇರೆ ಲೇಯರಿನಲ್ಲಿಟ್ಟು ಅವುಗಳ ಎತ್ತರಕ್ಕೆ ತಕ್ಕ ಹಾಗೆ ಗ್ರೇಡಿಯಂಟ್ ಹಾಕಿದರೆ ‘ನಮ್ಮ’ದ ಮೈ ಕಿತ್ತಳೆಗೇ ನಿಲ್ಲುತ್ತದೆ, ‘ನಾಡು’ ಹಳದಿವರೆಗೂ ಇಳಿಯುತ್ತದೆ. ಒಂದೇ ಸಾಲಿನ ಎರಡು ಪದ ಬೇರೆ ಬೇರೆ ಮದುವೆ ದಿಬ್ಬಣದಿಂದ ತಪ್ಪಿಸಿಕೊಂಡು ಬಂದ ಹಾಗೆ ಕಾಣುತ್ತವೆ.

ಸರಿ, ರಾತ್ರಿ ಸ್ಕ್ರೀನಿನಲ್ಲಿ ನಮಗೆ ಒತ್ತು ಕಂಡಿತ್ತಲ್ಲ, ಅದು ಹೇಗೆ? ಇರುವೆ ಸಾಲು! ಸೆಲೆಕ್ಷನ್ ತೆಗೆಯದೇ ನೋಡಿ ಖುಷಿಪಟ್ಟಿದ್ದೆವು. ಕಪ್ಪು-ಬಿಳಿ ಇರುವೆಗಳು ಒತ್ತಿನ ಸುತ್ತ ಹರಿದಾಡುತ್ತ ನಮಗೆ ಆಕಾರ ತೋರಿಸುತ್ತಿದ್ದವು. ಪಿಎನ್‌ಜಿಗೆ ಇರುವೆಗಳು ಬರೋದಿಲ್ಲ. ಬೆಳಗ್ಗೆ ಬ್ಯಾನರಿನಲ್ಲಿ ಇರುವೆಗಳೂ ಇರಲಿಲ್ಲ, ಆದರೂ ನಾವು ಓದಿದೆವು, ಪ್ರಿನ್ಸಿಪಾಲರೂ ಓದಿದರು. ನಮಗೆಲ್ಲ ಹೆಸರು ಗೊತ್ತು, ಇಲ್ಲದ ಒತ್ತನ್ನು ನಮ್ಮ ಕಣ್ಣೇ ಸೇರಿಸಿಕೊಂಡಿತು. ಆವತ್ತು ಆ ಬ್ಯಾನರನ್ನು ನಿಜವಾಗಿ ಓದಿದವನು ಕನ್ನಡ ಬಾರದ ಆ ಹುಡುಗ ಒಬ್ಬನೇ.

ಒಂಬತ್ತು ಇಪ್ಪತ್ತಾಗಿತ್ತು. ಹೊಸ ಪ್ರಿಂಟಿಗೆ ಟೈಮಿಲ್ಲ. ಹೆಸರಿನ ಮೇಲೆ ಹೂವಿನ ಹಾರ ಇಳಿಬಿಡೋಣ ಅಂತ ಒಬ್ಬ, ಬ್ಯಾನರನ್ನೇ ಬಿಚ್ಚಿಬಿಡೋಣ ಅಂತ ಇನ್ನೊಬ್ಬ. ಅಷ್ಟರಲ್ಲಿ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಬಂದೇಬಿಟ್ಟರು. ನಾವು ಬ್ಯಾನರಿಗೆ ಅಡ್ಡ ನಿಂತೆವು. ಎಂಟಡಿ ಬ್ಯಾನರಿಗೆ ನಾಲ್ಕು ಜನ ಎಲ್ಲಿ ಅಡ್ಡವಾಗುತ್ತಾರೆ? ಅವರು ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಪಿಎಫ್ ಕಾಗದದಲ್ಲಿ ಒಂದು ‘ಪಿ’ ಕಮ್ಮಿ ಬಿದ್ದಿದೆ ಅಂತ ಈ ವರ್ಷ ಮೂರು ಸಲ ಓಡಾಡಿದೀನಿ ಕಣ್ರಪ್ಪಾ. ಆಧಾರಲ್ಲಿ ಎರಡು ಪಿ, ಅಲ್ಲಿ ಒಂದು ಪಿ. ಅಫಿಡವಿಟ್ ಮಾಡಿಸಿದ್ದಾಯ್ತು. ಇಲ್ಲಾದ್ರೂ ಕನ್ನಡದೋರು, ಸರಿಯಾಗಿ ಬರೀತಾರೆ ಅಂದ್ಕೊಂಡಿದ್ದೆ.”

ನಗುತ್ತಲೇ ಹೇಳಿದರು. ಆದರೆ ಅವರ ಮಗಳು ನಗಲಿಲ್ಲ. ನಾವು ತಲೆ ಎತ್ತಲಿಲ್ಲ. ‘ಸಾರಿ ಅಣ್ಣ’ ಅನ್ನೋ ಮಾತು ಗಂಟಲಲ್ಲೇ ಉಳಿಯಿತು. ಗ್ರೇಡಿಯಂಟ್ ಹಾಕಿದ್ದು ಅವರ ಹೆಸರು ಚಂದ ಕಾಣಲಿ ಅಂತ. ಆದರೆ ಅವರು ವರ್ಷವಿಡೀ ಕಚೇರಿಗಳಲ್ಲಿ ಯಾವುದಕ್ಕಾಗಿ ಅಲೆದಿದ್ದರೋ ಆ ಒಂದು ಅಕ್ಷರವನ್ನೇ ನಾವು ಅಳಿಸಿದ್ದೆವು.

ಅಣ್ಣನೇ ಜೇಬಿನಿಂದ ಬೀಗದಕೈ ತೆಗೆದರು. “ಹಾಲಿನ ಬೀರು ಗೊತ್ತಲ್ಲ, ಕೆಳಗಿನ ಖಾನೆಯಲ್ಲಿ ಕೆಂಪು ಪೇಂಟಿನ ಡಬ್ಬಿ ಇದೆ, ಪಕ್ಕದಲ್ಲಿ ಬ್ರಷ್. ಓಡಿ.”

ಮೆಕ್ಯಾನಿಕಲ್‌ನವನು ಓಡಿದ. ಡ್ರಾಯಿಂಗ್ ಬೋರ್ಡಿಗೆ ನಂಬರ್ ಬರೆಯುವ ಡಬ್ಬಿ ಅದು. ನೀವೇ ಬರೀರಿ ಅಣ್ಣ, ನಿಮ್ಮ ಕೈ ಕೂತಿದೆ ಅಂದೆವು. “ನನ್ನ ಸನ್ಮಾನಕ್ಕೆ ನನ್ನ ಹೆಸರು ನಾನೇ ಬರ್ಕೊಳ್ಳೋದಾ? ಚೆನ್ನಾಗಿರಲ್ಲ. ನೀವು ಹತ್ತಿ,” ಅಂತ ಏಣಿ ಹಿಡಿದುಕೊಂಡರು. ಸಿವಿಲ್ ಹುಡುಗಿ ಹತ್ತಿದಳು, ಮಿಕ್ಕವರು ಬಟ್ಟೆ ಅಲ್ಲಾಡದ ಹಾಗೆ ಹಿಂದಿನಿಂದ ಪ್ಲೈವುಡ್ ಒತ್ತಿ ಹಿಡಿದೆವು. ಹತ್ತಿರದಿಂದ ನೋಡಿದರೆ ಕರಗಿದ ಒತ್ತಿನ ಗುರುತು ಮಸುಕಾಗಿ ಕಾಣುತ್ತಿತ್ತು, ಅದರ ಮೇಲೇ ತಿದ್ದಿದರೆ ಸಾಕಿತ್ತು.

“ಬ್ರಷ್ ತುದಿ ಡಬ್ಬಿ ಅಂಚಿಗೆ ಒರೆಸ್ಕೊ ತಾಯಿ, ಸೋರುತ್ತೆ. ಹಾಂ. ಎಡದಿಂದ ಎಳಿ. ನಿಧಾನ. ಉಸಿರು ಹಿಡ್ಕೊ.”

ಮೊದಲು ರ-ಒತ್ತು. ಆಮೇಲೆ ಪ-ಒತ್ತು. ಪ-ಒತ್ತಿನ ಬುಡದಿಂದ ಒಂದು ಹನಿ ಸೋರಿ ಎರಡು ಇಂಚು ಇಳಿಯಿತು. ಒರೆಸೋಕೆ ಹೋದಾಗ “ಮುಟ್ಟಬೇಡ, ಹರಡುತ್ತೆ, ಇರ್ಲಿ ಬಿಡು,” ಅಂದರು. ಕೆಳಗೆ ಇಳಿದು ಆ ಒಡಿಶಾ ಹುಡುಗನನ್ನು ಹಿಂದಿನ ಸಾಲಿಗೆ ಕಳಿಸಿದೆವು. ಅವನು ಜೋರಾಗಿ, ಒಂದೊಂದೇ ಅಕ್ಷರವಾಗಿ, ಶ್ರೀಯಿಂದ ಅಪ್ಪನವರೆಗೆ ಓದಿದ. ಅಣ್ಣನ ಮಗಳು ಆಗ ನಕ್ಕಳು.

ಕಾರ್ಯಕ್ರಮ ಹತ್ತೂವರೆ ಬದಲು ಹತ್ತೂಮುಕ್ಕಾಲಿಗೆ ಶುರುವಾಯಿತು. ಯಾವ ಭಾಷಣದಲ್ಲೂ ಬ್ಯಾನರಿನ ಮಾತು ಬರಲಿಲ್ಲ. ಆದರೆ ಹಿಂದಿನ ಸಾಲಿನಿಂದ ತೆಗೆದ ಫೋಟೋಗಳನ್ನು ಈಗ ನೋಡಿದರೆ ಹೆಸರಿನ ಸಾಲಿನಲ್ಲಿ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣೋದು ಆ ಎರಡು ಒತ್ತುಗಳೇ.

ಈಗ ಜೂನಿಯರ್‌ಗಳಿಗೆ ನಾಲ್ಕು ಮಾತು. ಗ್ರೇಡಿಯಂಟ್ ಹಾಕಬೇಡಿ ಅಂತ ನಾವು ಹೇಳುತ್ತಿಲ್ಲ, ನಾವೂ ಬಿಟ್ಟಿಲ್ಲ. ಆದರೆ ಗಾಢ ಬಣ್ಣ ಕೆಳಗಿರಲಿ, ತೆಳು ಬಣ್ಣ ಮೇಲಿರಲಿ. ಅಪ್ಪಟ ಕೆಂಪಿಗಿಂತ ಕುಂಕುಮದ ಗಾಢ ಕೆಂಪು ಹಿಡಿದರೆ ಇನ್ನೂ ಒಳ್ಳೆಯದು. ಗೆರೆ ಎಳೆಯುವಾಗ ಅಕ್ಷರದ ಮೈ ಮುಗಿಯುವಲ್ಲಿ ನಿಲ್ಲಿಸಿ, ಆಗ ಒತ್ತು ಪೂರ್ತಿ ಕೊನೆಯ ಬಣ್ಣದಲ್ಲೇ ಉಳಿಯುತ್ತದೆ. ಒಂದು ಸಾಲಿನ ಪದಗಳಿಗೆಲ್ಲ ಒಟ್ಟಿಗೆ ಒಂದೇ ಗೆರೆ ಎಳೆಯಿರಿ. ಎರಡೂ ತುದಿಯ ಬಣ್ಣ ಹಿನ್ನೆಲೆಯ ಬಣ್ಣದಿಂದ ದೂರ ಇರಲಿ, ನಡುದಾರಿಯಲ್ಲೂ ಹಿನ್ನೆಲೆಯನ್ನು ದಾಟಿ ಹೋಗದಿರಲಿ. ಮುಗಿದ ಮೇಲೆ ಕಂಟ್ರೋಲ್ ಟಿ ಒತ್ತಿ ಇರುವೆಗಳನ್ನು ಮರೆಮಾಡಿ, ಚಿತ್ರವನ್ನು ಒಮ್ಮೆ ಕಪ್ಪು-ಬಿಳುಪು ಮಾಡಿ ನೋಡಿ. ಅಕ್ಷರದ ಲೇಯರ್ ಇರುವ ಮೂಲ ಫೈಲನ್ನೂ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡಿರಿ.

ಕೊನೆಯದಾಗಿ, ಪ್ರಿಂಟಿಗೆ ಕಳಿಸುವ ಮೊದಲು ಈಗಷ್ಟೇ ಕನ್ನಡ ಕಲಿಯುತ್ತಿರುವ ಒಬ್ಬರ ಕೈಲಿ ಓದಿಸಿ. ನಮ್ಮ ಟೀಮಿನಲ್ಲಿ ಈಗ ಅದಕ್ಕೆ ಅಂತಲೇ ಒಬ್ಬನಿದ್ದಾನೆ. ಎರಡನೇ ವರ್ಷಕ್ಕೆ ಬಂದಿದ್ದಾನೆ, ಕನ್ನಡ ಚೆನ್ನಾಗಿಯೇ ಬರುತ್ತಿದೆ. ಇನ್ನಾರು ತಿಂಗಳಲ್ಲಿ ಅವನೂ ನಮ್ಮ ಹಾಗೆ ಇಲ್ಲದ ಒತ್ತನ್ನು ಓದೋಕೆ ಶುರುಮಾಡುತ್ತಾನೆ. ಆದ್ದರಿಂದ ಈ ವರ್ಷ ಹೊಸಬರೊಬ್ಬರು ಬೇಕಾಗಿದ್ದಾರೆ. ಆಸಕ್ತರು ಶನಿವಾರ ಮಧ್ಯಾಹ್ನ ಸಂಘದ ರೂಮಿಗೆ ಬನ್ನಿ.

ಅಂದ ಹಾಗೆ, ಆ ಬ್ಯಾನರ್ ಈಗ ನಮ್ಮ ಹತ್ತಿರ ಇಲ್ಲ. ಕಾರ್ಯಕ್ರಮ ಮುಗಿದು ಕುರ್ಚಿ ಎತ್ತಿಡುವಾಗ ಅಣ್ಣ ಬಂದು, “ಇದನ್ನ ಏನ್ಮಾಡ್ತೀರಿ?” ಅಂತ ಕೇಳಿದರು. ಏನೂ ಇಲ್ಲ ಅಣ್ಣ ಅಂದೆವು. ಪೇಂಟ್ ಒಣಗಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಹೆಸರಿನ ಮೇಲೆ ಮಡಿಕೆ ಬೀಳದ ಹಾಗೆ ಬಟ್ಟೆಯನ್ನು ಮಡಚಿ ಮಗಳ ಕೈಗೆ ಕೊಟ್ಟರು.